ಸಿಡಿಲಿಗೆ ಸುಟ್ಟ ಸರ್ವರ್ ಮತ್ತು ಯಾರಿಗೂ ನೆನಪಿಲ್ಲದ ಆ ಸಾಲುಗಳು

ಪ್ರಶ್ನೆ: ನಮ್ಮ ಮನೆ ಉಡುಪಿಯಿಂದ ಬ್ರಹ್ಮಾವರಕ್ಕೆ ಹೋಗುವ ದಾರಿಯಲ್ಲಿದೆ. ಕಚೇರಿಯೊಂದರಿಂದ ಕಡಿಮೆ ಬೆಲೆಗೆ ಸಿಕ್ಕಿದ ಹಳೆಯ ಮಿನಿ ಪಿಸಿಯಲ್ಲಿ ಡೆಬಿಯನ್ ಲಿನಕ್ಸ್ ಹಾಕಿ ಮೂರು ವರ್ಷ ಸರ್ವರ್ ನಡೆಸಿದೆ. ತಂದೆಯವರು ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟ ಯಕ್ಷಗಾನ, ತಾಳಮದ್ದಳೆಗಳ ಧ್ವನಿಮುದ್ರಣ ಜೆಲ್ಲಿಫಿನ್ ಎಂಬ ಹಾಡು-ವಿಡಿಯೊ ತಂತ್ರಾಂಶದಲ್ಲಿ, ಮನೆಯವರ ಫೋಟೊಗಳು ಇಮ್ಮಿಚ್ ಎಂಬ ಫೋಟೊ ತಂತ್ರಾಂಶದಲ್ಲಿ. ಹೊರಗಿನಿಂದ ತಲುಪಲು ಜಾಲದಲ್ಲಿ ತಿಂಗಳ ಬಾಡಿಗೆಯ ಒಂದು ಸಣ್ಣ ಸರ್ವರ್, ಅಂದರೆ ವಿಪಿಎಸ್, ಇದೆ. ಕಳೆದ ಮೇ ತಿಂಗಳ ಸಿಡಿಲಿಗೆ ಮಿನಿ ಪಿಸಿ ಸುಟ್ಟುಹೋಯಿತು. ಧ್ವನಿಮುದ್ರಣಗಳಿದ್ದ ಹಾರ್ಡ್‌ಡಿಸ್ಕ್ ಹೇಗೋ ಉಳಿಯಿತು. ಆದರೆ ಇನ್ನೊಂದು ಯಂತ್ರ ತಂದು ಎಲ್ಲವನ್ನೂ ಮೊದಲಿನಂತೆ ಮಾಡಲು ಮೂರು ವಾರಾಂತ್ಯ ಹಿಡಿಯಿತು. ಎಲ್ಲಿ ಯಾವ ಸಾಲು ಬದಲಿಸಿದ್ದೆನೆಂದು ನನಗೇ ನೆನಪಿರಲಿಲ್ಲ. ಮಣಿಪಾಲದ ಗೆಳೆಯರೊಬ್ಬರು, ‘ನಿಕ್ಸ್‌ಓಎಸ್ ಎಂಬ ಲಿನಕ್ಸ್ ಹಾಕಿಕೋ, ಆಮೇಲೆ ಯಂತ್ರ ಹೋದರೂ ಚಿಂತೆಯಿಲ್ಲ’ ಎನ್ನುತ್ತಾರೆ. ಬದಲಾಯಿಸಬೇಕೇ? ಮನೆಯ ಯಂತ್ರ ಮತ್ತು ವಿಪಿಎಸ್ ಎರಡನ್ನೂ ಒಂದೇ ಕಡೆಯಿಂದ ನೋಡಿಕೊಳ್ಳಬಹುದೇ?

ಉತ್ತರ: ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಬದಲಾಯಿಸಿ ಎಂದೇ ನಾನೂ ಹೇಳುತ್ತೇನೆ, ಆದರೆ ಅವರು ಹೇಳದೆ ಬಿಟ್ಟ ಅರ್ಧವನ್ನು ತಿಳಿದುಕೊಂಡು ಬದಲಾಯಿಸಿ.

ಮೊದಲು ಆ ಮೂರು ವಾರಾಂತ್ಯ ಎಲ್ಲಿ ಹೋಯಿತೆಂದು ನೋಡೋಣ. ಡೆಬಿಯನ್ ಹಾಕಲು ಅರ್ಧ ಗಂಟೆ ಸಾಕು, ಜೆಲ್ಲಿಫಿನ್‌ಗೆ ಹತ್ತು ನಿಮಿಷ. ಉಳಿದದ್ದೆಲ್ಲ ಹೋದದ್ದು ನೀವು ಮೂರು ವರ್ಷಗಳಲ್ಲಿ ಊಟ ಮುಗಿಸಿ ಕೂತು ಮಾಡಿದ ಸಣ್ಣ ಸಣ್ಣ ರಿಪೇರಿಗಳನ್ನು ಹುಡುಕುವುದರಲ್ಲಿ. ಹಾರ್ಡ್‌ಡಿಸ್ಕ್ ತಾನಾಗಿ ಮೌಂಟ್ ಆಗಲೆಂದು (ವ್ಯವಸ್ಥೆಗೆ ಜೋಡಿಕೊಳ್ಳಲೆಂದು) ಎಫ್‌ಎಸ್‌ಟ್ಯಾಬ್ ಕಡತಕ್ಕೆ ಸೇರಿಸಿದ ಸಾಲು, ಆ ಫೋಲ್ಡರನ್ನು ಓದಲು ಜೆಲ್ಲಿಫಿನ್‌ಗೆ ಕೊಟ್ಟ ಅನುಮತಿ, ದೊಡ್ಡ ವಿಡಿಯೊ ಅಪ್‌ಲೋಡ್ ಆಗಲೆಂದು ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ ಏರಿಸಿದ ಮಿತಿ. ಪ್ರತಿಯೊಂದೂ ಆವತ್ತು ಎರಡು ನಿಮಿಷದ ಕೆಲಸ, ಬರೆದಿಡುವಷ್ಟು ದೊಡ್ಡದೆಂದು ಅನ್ನಿಸಿರಲಿಕ್ಕಿಲ್ಲ. ಸಾಮಾನ್ಯ ಲಿನಕ್ಸ್‌ನಲ್ಲಿ ಯಂತ್ರದ ಈಗಿನ ಸ್ಥಿತಿ ಎಂದರೆ ಅದರ ಮೇಲೆ ನೀವು ಇದುವರೆಗೆ ಹೊಡೆದ ಆಜ್ಞೆಗಳೆಲ್ಲದರ ಮೊತ್ತ. ಆ ಲೆಕ್ಕ ಯಂತ್ರದೊಳಗಲ್ಲದೆ ಬೇರೆಲ್ಲೂ ಇರುವುದಿಲ್ಲ.

ನಿಕ್ಸ್‌ಓಎಸ್‌ನಲ್ಲಿ ಲೆಕ್ಕ ಮೊದಲು, ಯಂತ್ರ ಆಮೇಲೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು, ಯಾವ ಸೇವೆ ನಡೆಯಬೇಕು, ಯಾವ ಪೋರ್ಟ್ (ಜಾಲದ ಬಾಗಿಲು) ತೆರೆದಿರಬೇಕು, ಯಾರು ಬಳಕೆದಾರರು ಎಂಬುದನ್ನೆಲ್ಲ ಒಂದು ಕಡತದಲ್ಲಿ ಬರೆದು ಒಂದು ಆಜ್ಞೆ ಕೊಡುತ್ತೀರಿ. ಕಡತದಲ್ಲಿ ಇರುವಂತೆ ಯಂತ್ರ ಸಿದ್ಧವಾಗುತ್ತದೆ. ಇದನ್ನೇ ಡಿಕ್ಲರೇಟಿವ್ ಎನ್ನುತ್ತಾರೆ, ಆ ಪದಕ್ಕೆ ಇದಕ್ಕಿಂತ ದೊಡ್ಡ ಅರ್ಥವಿಲ್ಲ. ಇದು ಹೊಸ ಹುಚ್ಚೂ ಅಲ್ಲ. ನಿಕ್ಸ್ ಎಂಬ ಪ್ಯಾಕೇಜ್ ವ್ಯವಸ್ಥೆಯ ಕೆಲಸ 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಎಲ್ಕೊ ಡೊಲ್ಸ್ಟ್ರಾ ಅದರ ಮೇಲೆ 2006ರಲ್ಲಿ ಪಿಎಚ್‌ಡಿ ಪಡೆದರು. ಅದೇ ವಿಚಾರವನ್ನು ಇಡೀ ಕಾರ್ಯಾಚರಣಾ ವ್ಯವಸ್ಥೆಗೆ ಹಿಗ್ಗಿಸಿದವರು ಆರ್ಮೈನ್ ಹೇಮೆಲ್, ಅದು ಅವರ ಸ್ನಾತಕೋತ್ತರ ಪ್ರಬಂಧ. ಇಂದು ವರ್ಷಕ್ಕೆ ಎರಡು ಬಾರಿ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬರುತ್ತದೆ. 25.05, 25.11 ಎಂಬ ಅಂಕಿಗಳು ಆ ವರ್ಷ ಮತ್ತು ತಿಂಗಳುಗಳೇ.

ನಿಮ್ಮ ಜೆಲ್ಲಿಫಿನ್ ಅಲ್ಲಿ ಹೇಗೆ ಕಾಣುತ್ತದೆಂದು ತೋರಿಸುತ್ತೇನೆ. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕು:

ಸರ್ವಿಸಸ್.ಜೆಲ್ಲಿಫಿನ್.ಎನೇಬಲ್ = ಟ್ರೂ;
ಸರ್ವಿಸಸ್.ಜೆಲ್ಲಿಫಿನ್.ಓಪನ್‌ಫೈರ್‌ವಾಲ್ = ಟ್ರೂ;

ಇಷ್ಟೇ. ಕಡತ ಉಳಿಸಿ ‘ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್’ ಎಂದು ಹೊಡೆದರೆ ಪ್ಯಾಕೇಜ್ ಇಳಿಯುತ್ತದೆ, ಅದಕ್ಕೆಂದೇ ಒಬ್ಬ ಬಳಕೆದಾರ ಹುಟ್ಟುತ್ತಾನೆ, ಸಿಸ್ಟಮ್‌ಡಿ ಸೇವೆ ಏಳುತ್ತದೆ, 8096 ಪೋರ್ಟ್ ತೆರೆದುಕೊಳ್ಳುತ್ತದೆ. ನನಗೆ ಹೆಚ್ಚು ಬೆಲೆಬಾಳುವುದಾಗಿ ಕಂಡದ್ದು ಇದರ ಇನ್ನೊಂದು ಮುಖ. ಆ ಎರಡು ಸಾಲುಗಳನ್ನು ಅಳಿಸಿ ಮತ್ತೆ ಅದೇ ಆಜ್ಞೆ ಕೊಟ್ಟರೆ ಸೇವೆ ನಿಲ್ಲುತ್ತದೆ, ಪೋರ್ಟ್ ಮುಚ್ಚುತ್ತದೆ. ಯಂತ್ರಗಳನ್ನು ಪಟ್ಟಿಯಿಂದ ಸಿದ್ಧಗೊಳಿಸುವ ಆನ್ಸಿಬಲ್‌ನಂಥ ಸಾಧನಗಳಲ್ಲಿ ಪಟ್ಟಿಯಿಂದ ಒಂದು ಸಾಲು ತೆಗೆದರೆ ಯಂತ್ರದಲ್ಲಿ ಹಾಕಿದ್ದು ಹಾಗೇ ಉಳಿಯುತ್ತದೆ, ತೆಗೆಯಿರಿ ಎಂದು ಬೇರೆಯೇ ಬರೆಯಬೇಕು. ಮೂರು ವರ್ಷ ಹಿಂದೆ ಪ್ರಯೋಗಕ್ಕೆಂದು ಹಾಕಿ ಮರೆತ ಯಾವುದೋ ಸೇವೆ ಹೊರಜಗತ್ತಿಗೆ ಬಾಗಿಲು ತೆರೆದುಕೊಂಡು ಕೂತಿರುವ ಸಂಗತಿ ಮನೆಯ ಸರ್ವರ್‌ಗಳಲ್ಲಿ ಬಹಳ ಮಾಮೂಲು. ಇಲ್ಲಿ ಕಡತ ಓದಿದರೆ ಸಾಕು, ಏನು ನಡೆಯುತ್ತಿದೆಯೆಂದು ಗೊತ್ತಾಗುತ್ತದೆ.

ಒಳಗಿನ ಉಪಾಯ ಸರಳ. ಪ್ರತಿಯೊಂದು ಪ್ಯಾಕೇಜೂ ‘/ನಿಕ್ಸ್/ಸ್ಟೋರ್’ ಎಂಬಲ್ಲಿ ತನ್ನದೇ ಫೋಲ್ಡರ್‌ನಲ್ಲಿ ಕೂರುತ್ತದೆ, ಆ ಫೋಲ್ಡರ್‌ನ ಹೆಸರಿನ ಮೊದಲಿಗೆ ಒಂದು ಉದ್ದದ ಗುರುತಿನ ಅಕ್ಷರಸಾಲು, ಅಂದರೆ ಹ್ಯಾಶ್. ಒಂದೇ ತಂತ್ರಾಂಶದ ಎರಡು ಆವೃತ್ತಿಗಳು ಜಗಳವಿಲ್ಲದೆ ಅಕ್ಕಪಕ್ಕ ಇರಬಲ್ಲವು. ಹೊಸ ವ್ಯವಸ್ಥೆ ಕಟ್ಟುವಾಗ ಹಳೆಯದನ್ನು ಯಾರೂ ಮುಟ್ಟುವುದಿಲ್ಲ. ಎಲ್ಲ ಸಿದ್ಧವಾದ ಮೇಲೆ ಒಂದು ಕೊಂಡಿಯನ್ನು ಹಳೆಯದರಿಂದ ಹೊಸದಕ್ಕೆ ತಿರುಗಿಸುವುದಷ್ಟೇ ಕೆಲಸ. ಹಾಗಾಗಿ ಬೂಟ್ ಮೆನುವಿನಲ್ಲಿ ಹಿಂದಿನ ಸ್ಥಿತಿಗಳೆಲ್ಲ ದಿನಾಂಕದೊಂದಿಗೆ ಸಾಲಾಗಿ ನಿಂತಿರುತ್ತವೆ. ಅಪ್‌ಗ್ರೇಡ್ ಕೆಟ್ಟರೆ ಕೀಬೋರ್ಡ್ ಚುಚ್ಚಿ ಹಿಂದಿನದನ್ನು ಆರಿಸಿದರೆ ನಿನ್ನೆಯ ಯಂತ್ರ ಎದ್ದು ನಿಲ್ಲುತ್ತದೆ. ಅಪ್‌ಗ್ರೇಡ್ ನಡುವೆ ಕರೆಂಟು ಹೋದರೂ ಅರ್ಧಂಬರ್ಧ ಬದಲಾದ ವ್ಯವಸ್ಥೆ ಉಳಿಯುವ ಭಯ ಬಹಳ ಕಡಿಮೆ. ಮಳೆಗಾಲದಲ್ಲಿ ಕರಾವಳಿಯ ಹಳ್ಳಿಯಲ್ಲಿ ಸರ್ವರ್ ಇಟ್ಟವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಈ ಹಿಂದಿನ ಸ್ಥಿತಿಗಳ ವಿಷಯದಲ್ಲಿ ಹಳೆಯ ಕಚೇರಿ ಪಿಸಿಯವರು ಎಡವುವ ಒಂದು ಜಾಗವಿದೆ. ಪ್ರತಿ ಸ್ಥಿತಿಗೂ ಬೇಕಾದ ಕರ್ನೆಲ್ (ಲಿನಕ್ಸ್‌ನ ತಿರುಳು) ಬೂಟ್ ವಿಭಾಗಕ್ಕೆ ಬಂದು ಕೂರುತ್ತದೆ. ವಿಂಡೋಸ್ ಇದ್ದ ಯಂತ್ರಗಳಲ್ಲಿ ಆ ವಿಭಾಗ ಹಲವು ಸಲ 100 ಎಂಬಿ ಮಾತ್ರ. ನಾಲ್ಕೈದು ಅಪ್‌ಗ್ರೇಡ್ ಆಗುವಷ್ಟರಲ್ಲಿ ಜಾಗ ಮುಗಿದು, ತಲೆಬುಡವಿಲ್ಲದ ದೋಷದ ಸಂದೇಶ ಬರುತ್ತದೆ. ಆದ್ದರಿಂದ ನಿಕ್ಸ್‌ಓಎಸ್ ಹಾಕುವ ಡಿಸ್ಕನ್ನು (ದತ್ತಾಂಶವಿರುವುದನ್ನಲ್ಲ) ಪೂರ್ತಿ ಅಳಿಸಿ, ಬೂಟ್ ವಿಭಾಗಕ್ಕೆ 1 ಜಿಬಿ ಕೊಡಿ, ಮೆನುವಿನಲ್ಲಿ ಹತ್ತು ಸ್ಥಿತಿಗಳಷ್ಟೇ ಉಳಿಯಲಿ ಎಂದು ಕಡತದಲ್ಲಿ ಮಿತಿ ಹಾಕಿ.

ಇನ್ನು ಗೆಳೆಯರು ಹೇಳದೆ ಬಿಟ್ಟ ಅರ್ಧ. ತಾಳಮದ್ದಳೆ ಕೇಳಿ ಬೆಳೆದ ಮನೆಯವರು ನೀವು, ನಿಮಗೆ ಹೀಗೆ ಹೇಳಿದರೆ ಬೇಗ ತಲುಪುತ್ತದೆ. ಪ್ರಸಂಗದ ಪದ್ಯಗಳು ಪುಸ್ತಕದಲ್ಲಿವೆ. ಪುಸ್ತಕ ಕಳೆದರೆ ಇನ್ನೊಂದು ಪ್ರತಿ ತರಬಹುದು, ಭಾಗವತರು ಅದೇ ಪದ್ಯವನ್ನು ಮತ್ತೆ ಹಾಡಬಹುದು. ಆದರೆ ಆ ರಾತ್ರಿ ಅರ್ಥಧಾರಿ ಆಡಿದ ಮಾತು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ತಂದೆಯವರ ಕ್ಯಾಸೆಟ್‌ನಲ್ಲಿದ್ದರೆ ಇದೆ, ಇಲ್ಲದಿದ್ದರೆ ಹೋಯಿತು. ನಿಕ್ಸ್‌ಓಎಸ್‌ನ ಕಡತ ಪದ್ಯದ ಪುಸ್ತಕ. ಇಮ್ಮಿಚ್‌ನ ಡೇಟಾಬೇಸ್, ಫೋಟೊಗಳು, ಜೆಲ್ಲಿಫಿನ್‌ನಲ್ಲಿ ನೀವು ಒಂದೊಂದು ಧ್ವನಿಮುದ್ರಣಕ್ಕೂ ಕೂತು ತುಂಬಿದ ಪ್ರಸಂಗದ ಹೆಸರು, ಕಲಾವಿದರ ಹೆಸರು, ಇವೆಲ್ಲ ಅರ್ಥಗಾರಿಕೆ. ಅವು ‘/ವಾರ್/ಲಿಬ್’ ಎಂಬಲ್ಲಿ ಬೆಳೆಯುತ್ತಾ ಹೋಗುತ್ತವೆ, ಅವನ್ನು ನಿಕ್ಸ್‌ಓಎಸ್ ಉಳಿಸುವುದೂ ಇಲ್ಲ, ಹಿಂದಿನ ಸ್ಥಿತಿಗೆ ಮರಳಿದಾಗ ಹಿಂದಕ್ಕೆ ತಿರುಗಿಸುವುದೂ ಇಲ್ಲ.

ಈ ಭೇದವನ್ನು ನಾನು ಕಲಿತದ್ದು ಬೆವರಿಳಿಸಿಕೊಂಡು. ಕಡತದಲ್ಲಿ ‘ಸಿಸ್ಟಮ್.ಸ್ಟೇಟ್‌ವರ್ಶನ್’ ಎಂಬ ಸಾಲೊಂದಿದೆ. ನನ್ನಲ್ಲಿ ಅದು 23.11 ಎಂದಿತ್ತು. ಅಪ್‌ಗ್ರೇಡ್ ಮಾಡಿದ ಉತ್ಸಾಹದಲ್ಲಿ, ಇದೂ ಆವೃತ್ತಿಯ ಅಂಕಿಯೇ ಇರಬೇಕೆಂದು, 24.11 ಎಂದು ತಿದ್ದಿ ಸ್ವಿಚ್ ಹೊಡೆದೆ. ಎಲ್ಲ ಹಸಿರು. ಬೆಳಗ್ಗೆ ಸುದ್ದಿ ಓದಲು ಮಿನಿಫ್ಲಕ್ಸ್ ತೆರೆದರೆ ಒಂದು ಫೀಡೂ ಇಲ್ಲ, ನಾಲ್ಕು ವರ್ಷದ ಗುರುತುಗಳೆಲ್ಲ ಮಾಯ, ಆಗಷ್ಟೇ ಹುಟ್ಟಿದ ಕೂಸಿನಂತೆ ಖಾಲಿ ಪುಟ. ಕಾಫಿ ಆರಿತು. ಆದದ್ದಿಷ್ಟು: ಆ ಸಾಲು ಯಂತ್ರವನ್ನು ಮೊದಲು ಹಾಕಿದಾಗಿನ ಆವೃತ್ತಿಯ ಗುರುತು. 23.11 ಎಂದಿದ್ದರೆ, ಮಿನಿಫ್ಲಕ್ಸ್‌ನ ದತ್ತಾಂಶ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಆವೃತ್ತಿ 15 ನಡೆಯುತ್ತದೆ, 24.11 ಎಂದಾದರೆ 16. ಹದಿನಾರಕ್ಕೆ ತನ್ನದೇ ಹೊಸ ಫೋಲ್ಡರ್. ಅದು ಖಾಲಿ ಡೇಟಾಬೇಸ್ ಸೃಷ್ಟಿಸಿಕೊಂಡು ನಿಶ್ಚಿಂತೆಯಿಂದ ಕೂತಿತ್ತು. ಹಳೆಯ ದತ್ತಾಂಶ ಪಕ್ಕದ ‘15’ ಎಂಬ ಫೋಲ್ಡರ್‌ನಲ್ಲಿ ಕ್ಷೇಮವಾಗಿತ್ತು, ಸಾಲನ್ನು ಮೊದಲಿನಂತೆ ತಿದ್ದಿದೊಡನೆ ಮರಳಿತು. ನಿಮ್ಮ ಇಮ್ಮಿಚ್ ಕೂಡ ಪೋಸ್ಟ್‌ಗ್ರೆಸ್ ಮೇಲೆಯೇ ನಿಂತಿದೆ. ಆ ಸಾಲನ್ನು ಮುಟ್ಟಬೇಡಿ. ಪೋಸ್ಟ್‌ಗ್ರೆಸ್‌ನ ದೊಡ್ಡ ಆವೃತ್ತಿ ಬದಲಿಸುವುದು ಬೇರೆಯೇ ಕೆಲಸ, ಡಂಪ್ (ದತ್ತಾಂಶದ ಪೂರ್ತಿ ನಕಲು) ತೆಗೆದು ಬಿಡುವಿದ್ದ ದಿನ ಮಾಡತಕ್ಕದ್ದು.

ಬ್ಯಾಕಪ್ ಅನ್ನೂ ಕಡತದಲ್ಲೇ ಬರೆಯಬಹುದೆಂಬುದು ಸಮಾಧಾನದ ಸಂಗತಿ. ‘ಸರ್ವಿಸಸ್.ಪೋಸ್ಟ್‌ಗ್ರೆಸ್‌ಕ್ಯುಎಲ್‌ಬ್ಯಾಕಪ್’ ರಾತ್ರಿ ಡೇಟಾಬೇಸ್‌ನ ಡಂಪ್ ತೆಗೆದಿಡುತ್ತದೆ. ‘ಸರ್ವಿಸಸ್.ರೆಸ್ಟಿಕ್’ ಆ ಡಂಪನ್ನೂ ಫೋಟೊಗಳನ್ನೂ ಗೂಢಲಿಪಿಗೆ ತಿರುಗಿಸಿ ಬೇರೆ ಕಡೆಗೆ ಕಳುಹಿಸುತ್ತದೆ. ಡೇಟಾಬೇಸ್ ನಡೆಯುತ್ತಿರುವಾಗ ಅದರ ಫೋಲ್ಡರನ್ನು ಸುಮ್ಮನೆ ನಕಲು ಮಾಡಿಕೊಂಡರೆ ಆ ನಕಲು ಬಳಕೆಗೆ ಬಾರದೆ ಹೋಗಬಹುದು, ಆದ್ದರಿಂದ ಡಂಪ್ ಮೊದಲು, ರೆಸ್ಟಿಕ್ ಆಮೇಲೆ. ಕಳುಹಿಸುವ ಜಾಗ ಅದೇ ಮನೆಯ ಅದೇ ಪ್ಲಗ್ ಪಾಯಿಂಟ್ ಆಗಬಾರದು. ನಿಮ್ಮ ಹಾರ್ಡ್‌ಡಿಸ್ಕ್ ಈ ಸಲ ಉಳಿದದ್ದು ಪುಣ್ಯ, ಪುಣ್ಯವನ್ನು ಬ್ಯಾಕಪ್ ಎಂದು ಎಣಿಸಬೇಡಿ. ಮಂಗಳೂರಿನಲ್ಲಿ ಅಕ್ಕನೋ ಚಿಕ್ಕಪ್ಪನೋ ಇದ್ದರೆ ಒಂದು ಡಿಸ್ಕ್ ಅವರಲ್ಲಿರಲಿ. ಕ್ಯಾಸೆಟ್ಟಿನ ಟೇಪ್‌ಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದರೆ ಆ ಡಿಜಿಟಲ್ ಪ್ರತಿಯೇ ಈಗ ಮೂಲಪ್ರತಿ ಎಂಬುದನ್ನೂ ನೆನಪಿಡಿ.

ಗುಪ್ತಪದಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕು. ‘/ನಿಕ್ಸ್/ಸ್ಟೋರ್’ ಒಳಗಿರುವುದನ್ನು ಯಂತ್ರದ ಯಾವ ಬಳಕೆದಾರನಾದರೂ ಓದಬಹುದು. ಕಡತದಲ್ಲಿ ಗುಪ್ತಪದ ಬರೆದರೆ ಅದು ಅಲ್ಲಿಗೆ ಹೋಗಿ ಕೂರುತ್ತದೆ, ಕಡತವನ್ನು, ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಸೇರಿಸಿದ್ದರೆ ಅಲ್ಲಿಯೂ. ಇದಕ್ಕೆ ಏಜ್‌ನಿಕ್ಸ್ ಅಥವಾ ಸಾಪ್ಸ್-ನಿಕ್ಸ್ ಬಳಸಿ. ಗುಪ್ತಪದ ಗೂಢಲಿಪಿಯಲ್ಲಿ ಕಡತದ ಜೊತೆಗಿರುತ್ತದೆ, ಯಂತ್ರ ತನ್ನ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಕೀಲಿಯಿಂದ ಅದನ್ನು ಬಿಡಿಸಿಕೊಳ್ಳುತ್ತದೆ. ಈಗ ನಿಮ್ಮ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಯಂತ್ರ ಸುಟ್ಟರೆ ಆ ಕೀಲಿಯೂ ಸುಟ್ಟಿತು. ಬ್ಯಾಕಪ್ ತೆರೆಯುವ ಗುಪ್ತಪದ ಆ ಕೀಲಿಯಿಂದಷ್ಟೇ ತೆರೆಯುವಂತಿದ್ದರೆ, ಚಿಕ್ಕಪ್ಪನ ಮನೆಯ ಡಿಸ್ಕ್ ಇದ್ದೂ ಇಲ್ಲದಂತೆ. ಪ್ರತಿಯೊಂದು ಗುಟ್ಟನ್ನೂ ನಿಮ್ಮ ಸ್ವಂತದ ಇನ್ನೊಂದು ಕೀಲಿಗೂ ತೆರೆಯುವಂತೆ ಮಾಡಿ. ರೆಸ್ಟಿಕ್‌ನ ಗುಪ್ತಪದವನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಆರ್‌ಟಿಸಿ, ಎಲ್‌ಐಸಿ ಬಾಂಡುಗಳ ಜೊತೆ ಇಡಿ. ಹಾಸ್ಯಕ್ಕೆ ಹೇಳುತ್ತಿಲ್ಲ, ನನ್ನದು ಅಲ್ಲೇ ಇದೆ.

ಎರಡು ಯಂತ್ರಗಳ ಪ್ರಶ್ನೆಗೆ ಉತ್ತರ ಹೌದು. ಒಂದೇ ಗಿಟ್ ಫೋಲ್ಡರ್‌ನಲ್ಲಿ ಎರಡರ ಕಡತಗಳನ್ನೂ ಇಡಿ. ಬಳಕೆದಾರ, ಎಸ್‌ಎಸ್‌ಎಚ್ ಕೀಲಿ, ಕಾಲವಲಯದಂಥ ಸಮಾನ ಸಂಗತಿಗಳು ಮೂರನೆಯ ಕಡತದಲ್ಲಿರಲಿ, ಎರಡೂ ಅದನ್ನು ಕರೆದುಕೊಳ್ಳಲಿ. ಫ್ಲೇಕ್ ಎಂಬ ವ್ಯವಸ್ಥೆ ಬಳಸಿದರೆ ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂಬುದು ಅದರ ಲಾಕ್ ಕಡತದಲ್ಲಿ ನಿಗದಿಯಾಗಿಬಿಡುತ್ತದೆ, ಆರು ತಿಂಗಳ ಮೇಲೆ ಕಟ್ಟಿದರೂ ಅದೇ ವ್ಯವಸ್ಥೆ ಬರುತ್ತದೆ. ವಿಪಿಎಸ್‌ನಲ್ಲಿ ಕೇವಲ 1 ಜಿಬಿ ಮೆಮೊರಿ ಇದ್ದರೆ ಅಲ್ಲೇ ಕಟ್ಟಲು ಹೋಗಬೇಡಿ, ಉಸಿರು ಕಟ್ಟುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕಟ್ಟಿ ‘ಟಾರ್ಗೆಟ್-ಹೋಸ್ಟ್’ ಆಯ್ಕೆಯಿಂದ ಸಿದ್ಧ ವ್ಯವಸ್ಥೆಯನ್ನು ಅಲ್ಲಿಗೆ ತಳ್ಳಿ.

ಆದರೆ ದೂರದ ಯಂತ್ರದ ನೆಟ್‌ವರ್ಕ್ ಸಾಲುಗಳನ್ನು ಬದಲಿಸುವಾಗ ‘ಸ್ವಿಚ್’ ಬದಲು ‘ಟೆಸ್ಟ್’ ಎಂದು ಕೊಡಿ. ಟೆಸ್ಟ್‌ನಲ್ಲಿ ಹೊಸ ವ್ಯವಸ್ಥೆ ಈಗಿಂದೀಗ ಜಾರಿಗೆ ಬರುತ್ತದೆ, ಬೂಟ್ ಮೆನುವಿಗೆ ಮಾತ್ರ ಸೇರುವುದಿಲ್ಲ. ನಿಮ್ಮನ್ನು ನೀವೇ ಹೊರಗೆ ಹಾಕಿಕೊಂಡು ಬಾಗಿಲು ಮುಚ್ಚಿದ್ದೀರಿ ಎನ್ನೋಣ, ವಿಪಿಎಸ್ ಅನ್ನು ಅದರ ನಿಯಂತ್ರಣ ಪುಟದಿಂದ ರೀಬೂಟ್ ಮಾಡಿದರೆ ಹಳೆಯ ಸ್ಥಿತಿ ಏಳುತ್ತದೆ, ಬಾಗಿಲು ತೆರೆಯುತ್ತದೆ. ಮನೆಯ ಯಂತ್ರವಾದರೆ ಇನ್ನೂ ಸುಲಭ. ನಾನೊಮ್ಮೆ ಮಂಗಳೂರಿನಿಂದ ಊರಿನ ಮನೆಯ ಯಂತ್ರಕ್ಕೆ ಇಂಥ ತಪ್ಪು ಮಾಡಿ, ಅಮ್ಮನಿಗೆ ಫೋನ್ ಮಾಡಿ, ‘ಆ ಕರಿ ಪೆಟ್ಟಿಗೆಯ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂದು ಕೇಳಿಕೊಂಡೆ. ‘ಇಷ್ಟಕ್ಕೆ ಅಷ್ಟೆಲ್ಲ ಓದಬೇಕಿತ್ತಾ?’ ಎಂದರು.

ಹೊರಗಿನಿಂದ ತಲುಪುವ ದಾರಿ ನಿಮ್ಮಲ್ಲಿ ಈಗಾಗಲೇ ಇದೆ, ಅದನ್ನು ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದ ಮೂಲಕ ಮಾಡಿಕೊಳ್ಳಿ. ಮನೆಯ ರೂಟರ್‌ನ ಹೊರಮುಖದ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸವಿಲ್ಲ, ಪೂರೈಕೆದಾರರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಿದ್ದಾರೆ. ಆಗ ರೂಟರ್‌ನಲ್ಲಿ ಪೋರ್ಟ್ ತೆರೆದು ಪ್ರಯೋಜನವಿಲ್ಲ. ಮನೆಯ ಯಂತ್ರವೇ ವಿಪಿಎಸ್‌ಗೆ ಸುರಂಗ ಕೊರೆಯಬೇಕು.

ಇಷ್ಟೆಲ್ಲ ಹೊಗಳಿದ ಮೇಲೆ ಕಷ್ಟವನ್ನೂ ಹೇಳಬೇಕು. ನಿಕ್ಸ್‌ನ ಭಾಷೆ ವಿಚಿತ್ರವಾದದ್ದು. ಒಂದು ಅರ್ಧವಿರಾಮ ಬಿಟ್ಟುಹೋದರೆ ಸಂಬಂಧವೇ ಇಲ್ಲದ ಯಾವುದೋ ಸಾಲನ್ನು ಬೈಯುತ್ತದೆ. ದಾಖಲೆಗಳು ಅಲ್ಲಲ್ಲಿ ಚೆಲ್ಲಿಕೊಂಡಿವೆ. ಜಾಲದಿಂದ ಇಳಿಸಿದ ಸಿದ್ಧ ತಂತ್ರಾಂಶ ನೇರವಾಗಿ ಓಡುವುದಿಲ್ಲ, ಏಕೆಂದರೆ ಅದು ಹುಡುಕುವ ಲೈಬ್ರರಿಗಳು ಬೇರೆ ಲಿನಕ್ಸ್‌ಗಳಲ್ಲಿ ಇರುವ ಜಾಗದಲ್ಲಿ ಇಲ್ಲಿ ಇರುವುದಿಲ್ಲ. ಅದಕ್ಕೆ ನಿಕ್ಸ್-ಎಲ್‌ಡಿ ಎಂಬ ಮದ್ದು ಇದೆ. ಪ್ರತಿ ಆವೃತ್ತಿಗೆ ಭದ್ರತಾ ತಿದ್ದುಪಡಿ ಸಿಗುವುದು ಸುಮಾರು ಏಳು ತಿಂಗಳು ಮಾತ್ರ, ಡೆಬಿಯನ್‌ನಂತೆ ವರ್ಷಗಟ್ಟಲೆ ಮರೆತು ಕೂರಲು ಆಗುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಕೈ ಕಟ್ಟಿಕೊಳ್ಳುವ ಅಭ್ಯಾಸ. ಏನೋ ಕೆಟ್ಟಾಗ ‘/ಇಟಿಸಿ’ಗೆ ಹೋಗಿ ತಿದ್ದೋಣವೆಂದರೆ ಅಲ್ಲಿನ ಕಡತಗಳು ಸ್ಟೋರ್‌ಗೆ ತೋರಿಸುವ ಕೊಂಡಿಗಳು, ಬರೆಯಲು ಬಿಡುವುದಿಲ್ಲ. ಮೊದಲ ತಿಂಗಳು ಸಿಟ್ಟು ಬರುತ್ತದೆ.

ಎರಡು ಡಾಕರ್ ಕಂಟೇನರ್ (ಪೆಟ್ಟಿಗೆ ಕಟ್ಟಿದಂಥ ತಂತ್ರಾಂಶ) ಮಾತ್ರ ನಡೆಸುವವರು ಕೇಳಿದ್ದರೆ, ಡೆಬಿಯನ್‌ನಲ್ಲೇ ಇರಿ, ಅವನ್ನು ವಿವರಿಸುವ ಕಂಪೋಸ್ ಕಡತವನ್ನು ಗಿಟ್‌ನಲ್ಲಿಡಿ, ರೆಸ್ಟಿಕ್ ಹಾಕಿ, ನೆಮ್ಮದಿಯಾಗಿರಿ ಎನ್ನುತ್ತಿದ್ದೆ. ನಿಮ್ಮ ವಿಷಯ ಬೇರೆ. ಎರಡು ಯಂತ್ರ, ಸುರಂಗ, ಮೌಂಟು, ಅನುಮತಿ ಎಲ್ಲ ಕೂಡಿ ಗಂಟು ದೊಡ್ಡದಾಗಿದೆ. ಅದಕ್ಕಿಂತ ಹೆಚ್ಚಾಗಿ, ನಿಮ್ಮ ಊರಿನಲ್ಲಿ ಯಂತ್ರ ಮತ್ತೆ ಹೋಗಲಿದೆ. ಉಪ್ಪುಗಾಳಿ ಇದೆ, ಏಪ್ರಿಲ್, ಮೇಯಲ್ಲೂ ಅಕ್ಟೋಬರ್‌ನಲ್ಲೂ ಸಿಡಿಲಿದೆ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ಕೂಡ ಹೆಸರಿಗಷ್ಟೇ ಇರುತ್ತದೆ. ಅರ್ಥಿಂಗ್ ಗುಂಡಿಗೆ ಮಾರ್ಚ್‌ನಿಂದಲೇ ನೀರು ಹೊಯ್ಯಿರಿ, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಅಳತೆ ಮಾಡಿಸಿ, ಮೋಡ ಕಟ್ಟಿದಾಗ, ಗುಡುಗು ಶುರುವಾಗುವ ಮುನ್ನವೇ ಪ್ಲಗ್ ಕಿತ್ತಿಡಿ. ಫೈಬರ್‌ನ ಗಾಜಿನ ಎಳೆ ಸಿಡಿಲನ್ನು ತರುವುದಿಲ್ಲ, ಆದರೆ ಅದರ ಪೆಟ್ಟಿಗೆಯ ಅಡಾಪ್ಟರ್ ಮತ್ತು ಅಲ್ಲಿಂದ ಬರುವ ಲ್ಯಾನ್ ತಂತಿ ತರುತ್ತವೆ, ಅವನ್ನೂ ಕೀಳಿ.

ಶುರು ಹೀಗೆ ಮಾಡಿ. ಈಗ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮುಟ್ಟಬೇಡಿ. ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಯಂತ್ರ ಮಾಡಿ ಅದರೊಳಗೆ ನಿಕ್ಸ್‌ಓಎಸ್ ಹಾಕಿ, ಜೆಲ್ಲಿಫಿನ್ ಎಬ್ಬಿಸಿ, ನಾಲ್ಕು ಧ್ವನಿಮುದ್ರಣ ನುಡಿಸಿ ನೋಡಿ. ಆಮೇಲೆ ವಿಪಿಎಸ್, ಏಕೆಂದರೆ ಅದರಲ್ಲಿ ನಿಮ್ಮ ದತ್ತಾಂಶವಿಲ್ಲ, ಕೆಟ್ಟರೆ ಅಳಿಸಿ ಮತ್ತೆ ಹಾಕಬಹುದು. ಮನೆಯ ಯಂತ್ರ ಕೊನೆಗೆ, ಅದೂ ಹೊಸ ಎಸ್‌ಎಸ್‌ಡಿ ತಂದು. ಡೆಬಿಯನ್ ಇರುವ ಡಿಸ್ಕನ್ನು ಬಿಚ್ಚಿ, ದಿನಾಂಕ ಬರೆದ ಚೀಟಿ ಅಂಟಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ, ಆರು ತಿಂಗಳು ಅಳಿಸಬೇಡಿ. ಒಂದು ಭಾನುವಾರ ಹೊಸ ಎಸ್‌ಎಸ್‌ಡಿಯನ್ನೂ ಹೊರಗೆ ತೆಗೆದು, ಖಾಲಿ ಡಿಸ್ಕ್ ಹಾಕಿ, ಗಿಟ್‌ನ ಕಡತ, ಬೀರುವಿನ ಕಾಗದ, ಚಿಕ್ಕಪ್ಪನ ಮನೆಯ ಬ್ಯಾಕಪ್ ಇಷ್ಟರಿಂದಲೇ ಎಲ್ಲವನ್ನೂ ಎಬ್ಬಿಸಲು ಪ್ರಯತ್ನಿಸಿ. ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. ಡಿಸ್ಕ್ ವಿಭಾಗ ಮಾಡುವುದನ್ನೂ ಕಡತಕ್ಕೆ ಒಪ್ಪಿಸುವ ಡಿಸ್ಕೊ ಎಂಬ ಸಾಧನವಿದೆ, ಅದನ್ನು ಕಲಿತ ಮೇಲೆ ಆ ಹೊತ್ತು ಇನ್ನೂ ಇಳಿಯುತ್ತದೆ. ಎಲ್ಲಿಯಾದರೂ ಸಿಕ್ಕಿಬಿದ್ದರೆ ಕಡತದ ಆ ಭಾಗವನ್ನು ಗುಪ್ತಪದ ತೆಗೆದು ನನಗೆ ಕಳುಹಿಸಿ.